ನಿಟ್ಟಿಂಗ್ ಯಂತ್ರದ ಮುಂದೆ ನಿಲ್ಲುತ್ತೇನೆಂದ ಮಗಳಿಗೆ

ತಿರುಪ್ಪೂರು
30 ನವೆಂಬರ್ 2025, ಭಾನುವಾರ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಜ್ಜಿಯ ಮಂಡಿನೋವು ಇಳಿದಿದೆಯೆಂದು ನಿನ್ನ ಅವ್ವ ಫೋನಿನಲ್ಲಿ ಹೇಳಿದಳು, ಮನಸ್ಸಿಗೆ ಸಮಾಧಾನವಾಯಿತು. ದೀಪಾವಳಿಗೆ ಊರಿಗೆ ಬಂದಿದ್ದಾಗ ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ನಾನು ಜಗಲಿಯಿಂದ ಎದ್ದು ಹೋದದ್ದು ನಿನಗೆ ಬೇಸರ ತಂದಿರಬೇಕು. ಪಿಯುಸಿ ಮುಗಿದ ಕೂಡಲೇ ತಿರುಪ್ಪೂರಿಗೆ ಬಂದು ನನ್ನ ಹಾಗೆಯೇ ಹೆಣಿಗೆ ಯಂತ್ರ ನಡೆಸುವ ನಿಟ್ಟಿಂಗ್ ಆಪರೇಟರ್ ಕೆಲಸ ಕಲಿಯುತ್ತೇನೆಂದು ಹೇಳಿ, ಆ ಕೆಲಸಕ್ಕೆ ಮುಂದೆ ಬೆಲೆ ಇರುತ್ತದೆಯೇ, ಹೊಸ ಯಂತ್ರಗಳು ನಮ್ಮನ್ನು ಹೊರಗೆ ಹಾಕುತ್ತವೆಯೇ ಎಂದು ನೀನು ಕೇಳಿದೆ. ಇಪ್ಪತ್ತಮೂರು ವರ್ಷ ಮಾಡಿದ ಕೆಲಸದ ಬಗ್ಗೆ ಯಾರಾದರೂ ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು. ಥಟ್ಟನೆ ಹೇಳುವ ಮಾತು ಅದಾಗಿರಲಿಲ್ಲವಾದ್ದರಿಂದ, ಇವತ್ತು ರಜೆಯ ದಿನ ಕುಳಿತು ಬರೆಯುತ್ತಿದ್ದೇನೆ.

2002ರಲ್ಲಿ ಮಳೆ ಕೈಕೊಟ್ಟು ಹೊಲದಲ್ಲಿ ಬಿತ್ತಿದ ಜೋಳ ಮೊಳಕೆಯಲ್ಲೇ ಒಣಗಿದಾಗ, ನಾನು ಚಾಮರಾಜನಗರದಿಂದ ಬಸ್ಸು ಹತ್ತಿ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿದು, ಸತ್ಯಮಂಗಲದ ಮೇಲೆ ಈ ಊರಿಗೆ ಬಂದೆ. ನಮ್ಮ ಸೀಮೆಯಿಂದ ಆಗಲೇ ಬಹಳ ಜನ ಇಲ್ಲಿನ ಬನಿಯನ್ ಕಂಪನಿಗಳಲ್ಲಿ ಸೇರಿಕೊಂಡಿದ್ದರು. ಮೊದಲ ಒಂದೂವರೆ ವರ್ಷ ನಾನು ಹೆಲ್ಪರ್ ಆಗಿ ನೂಲಿನ ಕೋನುಗಳನ್ನು ಹೊತ್ತೆ, ನೆಲ ಗುಡಿಸಿದೆ, ಬಟ್ಟೆಯ ರೋಲುಗಳನ್ನು ತೂಕಕ್ಕೆ ಹಾಕಿದೆ. ಯಂತ್ರವನ್ನು ಮುಟ್ಟಲು ಬಿಟ್ಟದ್ದು ಆಮೇಲೆ.

ಈ ಪತ್ರದ ಜೊತೆ ಒಂದು ಹಳೆಯ ಸೂಜಿಯನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಬಿಚ್ಚುವಾಗ ಬೆರಳಿಗೆ ಚುಚ್ಚಿಸಿಕೊಳ್ಳಬೇಡ. ತುದಿಯಲ್ಲಿ ಒಂದು ಸಣ್ಣ ಕೊಕ್ಕೆಯೂ ಅದರ ಕೆಳಗೆ ಮೇಲಕ್ಕೂ ಕೆಳಕ್ಕೂ ಮಡಚಿಕೊಳ್ಳುವ ಒಂದು ನಾಲಿಗೆಯೂ ಇರುವುದನ್ನು ನೋಡು. ಮಗ್ಗದಲ್ಲಿ ಹಾಸು ಹೊಕ್ಕು ಎಂಬ ಎರಡು ಎಳೆಗಳು ಒಂದನ್ನೊಂದು ದಾಟಿ ಬಟ್ಟೆಯಾಗುತ್ತದೆ. ನಮ್ಮಲ್ಲಿ ಹಾಗಲ್ಲ, ಒಂದು ಕುಣಿಕೆಯೊಳಗಿನಿಂದ ಇನ್ನೊಂದು ಕುಣಿಕೆ ಎಳೆದುಕೊಳ್ಳುತ್ತಲೇ ಬಟ್ಟೆ ಬೆಳೆಯುತ್ತದೆ. ಸೂಜಿ ಮೇಲೆದ್ದಾಗ ಕೊಕ್ಕೆಯಲ್ಲಿದ್ದ ಹಳೆಯ ಕುಣಿಕೆ ನಾಲಿಗೆಯನ್ನು ತೆರೆಯಿಸಿ ಕೆಳಗೆ ಜಾರುತ್ತದೆ, ಆ ಗಳಿಗೆಯಲ್ಲಿ ಫೀಡರ್ ಹೊಸ ನೂಲನ್ನು ಕೊಕ್ಕೆಗೆ ಕೊಡುತ್ತದೆ, ಸೂಜಿ ಇಳಿಯುವಾಗ ಅದೇ ಹಳೆಯ ಕುಣಿಕೆ ನಾಲಿಗೆಯನ್ನು ಮುಚ್ಚಿ ತಾನು ಕಳಚಿಕೊಳ್ಳುತ್ತದೆ. ನೀನು ತೊಡುವ ಟೀ ಶರ್ಟು ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವುದು ಈ ಕುಣಿಕೆಗಳಿಂದಲೇ.

ನೀನು ವಿಜ್ಞಾನ ಓದುವವಳು, ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡು. ನಾನು ನೋಡಿಕೊಳ್ಳುವ ಯಂತ್ರದ ಸಿಲಿಂಡರಿನ ವ್ಯಾಸ 30 ಇಂಚು, ಇಂಚಿಗೆ 24 ಸೂಜಿಗಳು. ಸುತ್ತಳತೆಯಿಂದ ಗುಣಿಸಿದರೆ ಹೆಚ್ಚುಕಡಿಮೆ 2,260 ಸೂಜಿಗಳಾಗುತ್ತವೆ. ಸುತ್ತಲೂ 90 ಫೀಡರುಗಳಿವೆ, ಅಂದರೆ ಸಿಲಿಂಡರು ಒಂದು ಸುತ್ತು ತಿರುಗುವಷ್ಟರಲ್ಲಿ 90 ಸಾಲು ಬಟ್ಟೆ ಇಳಿಯುತ್ತದೆ. ಒಂದು ಕುಣಿಕೆಗೆ 2.9 ಮಿಲಿಮೀಟರ್ ನೂಲು, ನಿಮಿಷಕ್ಕೆ 25 ಸುತ್ತು ಎಂದಿಟ್ಟುಕೊಂಡರೆ, ಒಂದೇ ನಿಮಿಷದಲ್ಲಿ ಯಂತ್ರ ನುಂಗುವ ನೂಲು 14 ಕಿಲೋಮೀಟರಿಗೂ ಮೀರುತ್ತದೆ. ಅದು ತಿರುಪ್ಪೂರಿನಿಂದ ಅವಿನಾಶಿಯವರೆಗೆ ಹಾಸಬಹುದಾದ ಎಳೆ. ಈ ಲೆಕ್ಕವನ್ನು ಮೊದಲ ಸಲ ಗೋಡೆಯ ಮೇಲೆ ಸೀಮೆಸುಣ್ಣದಿಂದ ಮಾಡಿ ತೋರಿಸಿದ ಫಿಟ್ಟರ್ ಅಣ್ಣನನ್ನು ನಾನು ಇಂದಿಗೂ ನೆನೆಯುತ್ತೇನೆ, ಏಕೆಂದರೆ ಅಲ್ಲಿಯವರೆಗೆ ನನಗೆ ಆ ಯಂತ್ರ ಬರಿಯ ಗದ್ದಲವಾಗಿತ್ತು.

ಆಪರೇಟರ್ ಆದ ಮೊದಲ ವರ್ಷ ನಾನು ಮಾಡಿದ ಒಂದು ತಪ್ಪನ್ನು ನಿನಗೆ ಹೇಳಲೇಬೇಕು. ಒಂದು ರಾತ್ರಿ ಶಿಫ್ಟಿನಲ್ಲಿ ಕೋನುಗಳು ಮುಗಿಯುತ್ತಾ ಬಂದಾಗ, ಪಕ್ಕದ ಚೀಲದಲ್ಲಿದ್ದ ಕೋನುಗಳ ಮೇಲೆಯೂ ನೂಲು ಎಷ್ಟು ಸಣ್ಣದೆಂದು ಹೇಳುವ ಅದೇ 30ನೇ ನಂಬರು ಬರೆದಿದ್ದನ್ನು ಕಂಡು ತೆಗೆದು ಏರಿಸಿದೆ. ಯಾವ ಕಂತಿನಲ್ಲಿ ನೂತ ನೂಲೆಂದು ತಿಳಿಸುವ ಲಾಟ್ ನಂಬರ್ ಬೇರೆಯಾಗಿದ್ದುದನ್ನು ನೋಡಲಿಲ್ಲ. ಬಟ್ಟೆ ಇಳಿದಾಗ ಎಲ್ಲವೂ ಒಂದೇ ಬಿಳುಪಾಗಿ, ಯಾರು ನೋಡಿದರೂ ತಪ್ಪು ಕಾಣದಂತಿತ್ತು. ಡೈಯಿಂಗಿಗೆ ಹೋಗಿ ನೀಲಿ ಬಣ್ಣ ಕುಡಿದು ಬಂದ ಮೇಲೆ ಮೂರು ರೋಲುಗಳ ಉದ್ದಕ್ಕೂ ಅಡ್ಡಪಟ್ಟೆಗಳು ಎದ್ದು ನಿಂತವು. ಒಂದು ಲಾಟಿನ ಹತ್ತಿ ಬಣ್ಣವನ್ನು ಹೀರುವ ಹಾಗೆ ಇನ್ನೊಂದು ಲಾಟಿನದು ಹೀರುವುದಿಲ್ಲವೆಂಬ ಸಂಗತಿಯನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ನಾನಾಗಿ ಕೇಳಿಯೂ ಇರಲಿಲ್ಲ. ಎರಡು ವಾರದ ಕೂಲಿ ಕಡಿತವಾಯಿತು. ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು, ನನ್ನ ಕಣ್ಣೆದುರೇ ಆದ ತಪ್ಪು ನನ್ನ ಕಣ್ಣಿಗೆ ಕಾಣದೆ ಹೋದದ್ದು. ಅಂದಿನಿಂದ ನಾನು ಕೋನಿನ ಚೀಟಿಯನ್ನು ಓದದೆ ಒಂದು ಎಳೆಯನ್ನೂ ಗಂಟು ಹಾಕಿಲ್ಲ.

ಈ ಕೆಲಸದ ಕಷ್ಟವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಹನ್ನೆರಡು ಗಂಟೆಯ ಶಿಫ್ಟಿನಲ್ಲಿ ಒಂದು ವಾರ ಹಗಲು, ಒಂದು ವಾರ ರಾತ್ರಿ. ದೇಹಕ್ಕೆ ಯಾವುದು ನಿದ್ದೆಯ ಹೊತ್ತೆಂಬುದೇ ಮರೆತುಹೋಗುತ್ತದೆ. ಹತ್ತಿಯ ದೂಳು ಮೂಗು ಗಂಟಲುಗಳಲ್ಲಿ ಕೂರುತ್ತದೆ, ಮತ್ತು ನನ್ನ ಎಡಗಿವಿ ಮಂದವಾಗಿರುವುದು ವಯಸ್ಸಿನಿಂದಲ್ಲವೆಂದು ಡಾಕ್ಟರು ಹೇಳಿದ್ದಾರೆ. ನೀನು ಫೋನಿನಲ್ಲಿ ಮಾತನಾಡುವಾಗ ಬಲಗಿವಿಗೆ ಬದಲಿಸಿಕೊಳ್ಳುವುದು ಅದಕ್ಕೇ. ಮೊದಲ ಹದಿನಾಲ್ಕು ವರ್ಷ ನಾನು ದುಡಿದದ್ದು ಬೇರೆ ಕಂಪನಿಗಳ ಕೆಲಸವನ್ನು ಕೂಲಿಗೆ ಮಾಡಿಕೊಡುವ, ಅಂದರೆ ಜಾಬ್ ವರ್ಕಿನ, ಸಣ್ಣ ಶೆಡ್ಡುಗಳಲ್ಲಿ, ಅಲ್ಲಿ ಪಿ.ಎಫ್. ಇರಲಿಲ್ಲ, ನೇಮಕದ ಕಾಗದ ಇರಲಿಲ್ಲ, ಒಂದು ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ತಡವಾಗಿ ಬಂದರೆ ನಮ್ಮ ಜಾಗದಲ್ಲಿ ಇನ್ನೊಬ್ಬರು ನಿಂತಿರುತ್ತಿದ್ದರು. ಇದೇ ತಿಂಗಳ 21ರಂದು ದೇಶದಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಪತ್ರ ಕೊಡಬೇಕೆನ್ನುತ್ತವೆ. ಅದೊಂದು ಹಾಳೆ ನನ್ನ ಕೈಯಲ್ಲಿ ಇಪ್ಪತ್ತು ವರ್ಷ ಮೊದಲೇ ಇದ್ದಿದ್ದರೆ ನಮ್ಮ ಮನೆಯ ಲೆಕ್ಕ ಬೇರೆಯಾಗಿರುತ್ತಿತ್ತು.

ಇನ್ನು ಕೆಲಸ ಇದ್ದಕ್ಕಿದ್ದ ಹಾಗೆ ನಿಲ್ಲುವ ವಿಷಯ. 2011ರ ಜನವರಿಯಲ್ಲಿ, ನೊಯ್ಯಲ್ ನದಿಗೆ ಬಣ್ಣದ ನೀರು ಸೇರುತ್ತಿದ್ದ ಕಾರಣಕ್ಕೆ, ತ್ಯಾಜ್ಯವನ್ನು ಪೂರ್ತಿ ಶುದ್ಧಗೊಳಿಸುವವರೆಗೆ ಡೈಯಿಂಗ್ ಘಟಕಗಳನ್ನು ಮುಚ್ಚಬೇಕೆಂದು ಮದ್ರಾಸ್ ಹೈಕೋರ್ಟ್ ಆದೇಶಿಸಿತು. ಆ ಆದೇಶ ನ್ಯಾಯವಾದದ್ದೇ. ಕೆಳಗಿನ ಹಳ್ಳಿಗಳ ರೈತರ ಬಾವಿಗಳು ಏನಾಗಿದ್ದವೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಬಣ್ಣ ಹಾಕುವವರಿಲ್ಲದಿದ್ದರೆ ಹೆಣೆದ ಬಟ್ಟೆ ಯಾರಿಗೆ ಬೇಕು? ನಮ್ಮ ಯಂತ್ರಗಳೂ ನಿಂತವು, ನಾನು ಊರಿಗೆ ಬಂದು ಎರಡು ತಿಂಗಳು ಕೂಲಿಗೆ ಹೋದೆ. 2020ರ ಲಾಕ್‌ಡೌನ್ ನಿನಗೇ ನೆನಪಿದೆ. ಈ ವರ್ಷ ಆಗಸ್ಟಿನಲ್ಲಿ ಅಮೆರಿಕ ನಮ್ಮ ದೇಶದ ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ, ನಮ್ಮ ಶೆಡ್ಡಿನಲ್ಲಿ ಆರು ಯಂತ್ರಗಳಿಗೆ ಹೊದಿಕೆ ಹಾಕಿದರು. ಜುಲೈಯಲ್ಲಿ ಬ್ರಿಟನ್ನಿನ ಜೊತೆ ಆದ ಒಪ್ಪಂದ ಜಾರಿಗೆ ಬಂದರೆ ಅಲ್ಲಿ ನಮ್ಮ ಉಡುಪಿಗೆ ಸುಂಕವಿರುವುದಿಲ್ಲವಂತೆ, ಮಾಲೀಕರು ಈಗ ಆ ಕಡೆ ನೋಡುತ್ತಿದ್ದಾರೆ. ಬರಿಯ ಕೈಕೆಲಸ ಬಲ್ಲವನಿಗೆ ಇಂಥ ದಿನಗಳಲ್ಲಿ ಕಾಯುವುದೊಂದೇ ದಾರಿ. ನಿನಗೆ ಆ ದಾರಿ ಬೇಡವೆಂಬುದು ನನ್ನ ಮನಸ್ಸು.

ಯಂತ್ರ ನಮ್ಮನ್ನು ಹೊರಗೆ ಹಾಕುತ್ತದೆಯೇ ಎಂಬುದು ನಿನ್ನ ಪ್ರಶ್ನೆಯ ಇನ್ನೊಂದು ಭಾಗ. ನಾನು ಸೇರಿದಾಗ ಒಬ್ಬ ಆಪರೇಟರಿಗೆ ಎರಡು ಯಂತ್ರ. ಈಗ ನಾನೊಬ್ಬನೇ ನಾಲ್ಕನ್ನು ನೋಡುತ್ತೇನೆ. ನೂಲು ತುಂಡಾದರೆ ಯಂತ್ರ ತಾನೇ ನಿಂತು ದೀಪ ಹೊತ್ತಿಸುತ್ತದೆ. ಸೂಜಿ ಮುರಿದು ಬಟ್ಟೆಯುದ್ದಕ್ಕೂ ಬೀಳುವ ಗೆರೆಯನ್ನು ಹಿಡಿಯುವ ಕ್ಯಾಮೆರಾಗಳು ಬಂದಿವೆ. ಹಿಂದೆ ನಾವು ಟಾರ್ಚು ಹಿಡಿದು ಬಗ್ಗಿ ಬಗ್ಗಿ ಹುಡುಕುತ್ತಿದ್ದ ಗೆರೆ ಅದು. ಚಪ್ಪಟೆ ಯಂತ್ರಗಳಲ್ಲಿ ಇನ್ನೂ ಮುಂದೆ ಹೋಗಿದ್ದಾರೆ: ಜಪಾನಿನ ಶಿಮಾ ಸೈಕಿ ಕಂಪನಿ 1995ರಲ್ಲೇ ಹೊಲಿಗೆಯೇ ಇಲ್ಲದೆ ಇಡೀ ಸ್ವೆಟರನ್ನು ಹೆಣೆದು ಕೊಡುವ ಯಂತ್ರವನ್ನು ತೋರಿಸಿತು. ಹಾಗಿದ್ದೂ ಮೂವತ್ತು ವರ್ಷಗಳ ನಂತರವೂ ಟೀ ಶರ್ಟಿನ ಬಟ್ಟೆ ನಮ್ಮ ಗುಂಡು ಯಂತ್ರಗಳಿಂದಲೇ ಇಳಿಯುತ್ತಿದೆ, ಏಕೆಂದರೆ ಅಷ್ಟು ಬೇಗ, ಅಷ್ಟು ಅಗ್ಗವಾಗಿ ಬಟ್ಟೆ ಕೊಡುವುದು ಆ ಚಪ್ಪಟೆ ಯಂತ್ರಕ್ಕೆ ಸಾಧ್ಯವಾಗಿಲ್ಲ.

ಹೆಣಿಗೆಯವರ ಈ ಭಯ ಹೊಸದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ವಿಲಿಯಂ ಲೀ ಎಂಬಾತ 1589ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟನ್ನು ಮಾಡಿದ. ಅದೇ ಸೀಮೆಯ ಹೆಣಿಗೆಗಾರರು 1811ರಲ್ಲಿ ಗುಂಪುಗೂಡಿ ಅಂಥ ಚೌಕಟ್ಟುಗಳನ್ನು ಒಡೆದರು. ಅವರು ಯಂತ್ರವನ್ನೇ ದ್ವೇಷಿಸಿದರೆಂದು ನಾನು ಬಹಳ ಕಾಲ ತಿಳಿದಿದ್ದೆ. ಆದರೆ ಅವರು ತಲೆಮಾರುಗಳಿಂದ ಆ ಚೌಕಟ್ಟಿನ ಮೇಲೆಯೇ ದುಡಿದು ಬದುಕಿದ್ದವರು. ಕೆಲಸ ಕಲಿಯದವರನ್ನು ಕಡಿಮೆ ಕೂಲಿಗೆ ಕೂರಿಸಿ, ಕತ್ತರಿಸಿ ಹೊಲಿದ ಕಳಪೆ ಕಾಲುಚೀಲಗಳನ್ನು ಮಾರುಕಟ್ಟೆಗೆ ಸುರಿದು, ಎಲ್ಲರ ಕೂಲಿಯನ್ನೂ ಇಳಿಸಿದ ಧಣಿಗಳ ಮೇಲೆ ಅವರ ಸಿಟ್ಟಿತ್ತು. ಇದನ್ನು ಓದಿದ ದಿನ ನಾನು ನಮ್ಮ ಶೆಡ್ಡಿಗೆ ಹೊಸದಾಗಿ ಬಂದ ಹುಡುಗರನ್ನು ಬೇರೆ ಕಣ್ಣಿನಿಂದ ನೋಡಿದೆ. ಅವರಿಗೆ ದೀಪ ಹೊತ್ತಿದರೆ ಗಂಟು ಹಾಕಿ ಗುಂಡಿ ಒತ್ತುವುದನ್ನಷ್ಟೇ ಕಲಿಸುತ್ತಾರೆ. ಅಷ್ಟು ಮಾತ್ರ ಬಲ್ಲವರ ಕೂಲಿ ಮುಂದೆ ಏರುವುದಿಲ್ಲ, ಅವರ ಸಂಖ್ಯೆಯೂ ಕಡಿಮೆಯಾಗುತ್ತಲೇ ಹೋಗುತ್ತದೆ ಎಂದು ನಾನು ನಂಬಿದ್ದೇನೆ.

ಕ್ಯಾಮೆರಾ ಗೆರೆಯನ್ನು ಹಿಡಿಯುತ್ತದೆ, ಸರಿ. ಗೆರೆ ಏಕೆ ಬಿತ್ತೆಂಬುದನ್ನು ಈಗಲೂ ಮನುಷ್ಯನೇ ಹುಡುಕಬೇಕು. ಸೂಜಿಯ ನಾಲಿಗೆ ಸೊಟ್ಟಗಾಗಿದೆಯೋ, ಕುಣಿಕೆಯನ್ನು ಹಿಡಿದಿಡುವ ಸಿಂಕರ್ ತಗಡು ಸವೆದಿದೆಯೋ, ನೂಲಿಗೆ ಮೇಣ ಸಾಲದೆ ಬಿಗಿಯಾಗಿ ಬರುತ್ತಿದೆಯೋ, ಏಪ್ರಿಲ್ ತಿಂಗಳ ಒಣಗಾಳಿಗೆ ಹತ್ತಿಯೆಳೆ ಪೆಡಸಾಗಿ ತುಂಡಾಗುತ್ತಿದೆಯೋ ಎಂಬುದನ್ನು ಒಂದೊಂದಾಗಿ ತಳ್ಳಿಹಾಕುತ್ತಾ ಹೋಗುವವನನ್ನು ನಾವು ಫಿಟ್ಟರ್ ಎನ್ನುತ್ತೇವೆ. ಅದರ ಮೇಲೆ ನಿಟ್ಟಿಂಗ್ ಮಾಸ್ಟರ್ ಇರುತ್ತಾನೆ. ಗಿರಾಕಿ ಒಂದು ತುಂಡು ಬಟ್ಟೆ ತಂದು ಇಂಥದ್ದೇ ಬೇಕೆಂದರೆ, ಯಾವ ನಂಬರಿನ ನೂಲು, ಯಾವ ಗೇಜಿನ ಯಂತ್ರ (ಅಂದರೆ ಇಂಚಿಗೆ ಎಷ್ಟು ಸೂಜಿ), ಎಷ್ಟು ಕುಣಿಕೆಯುದ್ದ ಎಂದು ಹೇಳುವವನು ಅವನು. 2.9ರ ಕುಣಿಕೆಯನ್ನು 2.7ಕ್ಕೆ ಇಳಿಸಿದರೆ ಬಟ್ಟೆಯ ತೂಕ ಎಷ್ಟು ಏರುತ್ತದೆ, ಅಗಲ ಎಷ್ಟು ಇಳಿಯುತ್ತದೆ ಎಂಬುದು ಅವನ ತಲೆಯಲ್ಲಿರುತ್ತದೆ. ಈ ಊರು ಇಷ್ಟು ದಿನ ಬಹುಪಾಲು ಹತ್ತಿಯನ್ನೇ ನಂಬಿತ್ತು. ಈಗ ಆಟೋಟದ ಉಡುಪಿಗೆಂದು ಪಾಲಿಯೆಸ್ಟರು, ಲೈಕ್ರಾ ಬೆರೆತ ಬಟ್ಟೆಯ ಆರ್ಡರುಗಳು ಬರುತ್ತಿವೆ. ಲೈಕ್ರಾದ ಎಳೆತ ಕೂದಲೆಳೆಯಷ್ಟು ತಪ್ಪಿದರೂ ರೋಲು ಪೂರಾ ಸುರುಟಿಕೊಳ್ಳುತ್ತದೆ, ಹೀಗಾಗಿ ಬಲ್ಲವರಿಗಾಗಿ ಹುಡುಕಾಟ ನಡೆದೇ ಇದೆ. ನನಗೆ ಫಿಟ್ಟರ್ ಕೆಲಸ ಸಿಕ್ಕಿದ್ದರೂ ಮಾಸ್ಟರ್ ಆಗಲು ಆಗಲಿಲ್ಲ. ಕಂಪ್ಯೂಟರಿನಲ್ಲಿ ವಿನ್ಯಾಸ ಕೂರಿಸುವುದು, ಇಂಗ್ಲಿಷಿನ ಯಂತ್ರದ ಪುಸ್ತಕ ಓದಿ ಅರ್ಥ ಮಾಡಿಕೊಳ್ಳುವುದು ನನ್ನಿಂದ ಅರ್ಧಂಬರ್ಧವಾಗಿಯೇ ಉಳಿಯಿತು. ಈಗಲೂ ನಾನು ಆಪರೇಟರ್, ಫಿಟ್ಟರ್ ಎರಡೂ ಕೆಲಸ ನೋಡುತ್ತೇನೆ, ಸಂಬಳ ಮಾತ್ರ ಒಂದರದ್ದು.

ನೀನು ಹೆಣ್ಣುಮಗಳೆಂಬ ಕಾರಣಕ್ಕೆ ಬೇಡವೆನ್ನುತ್ತಿಲ್ಲ. ಇಲ್ಲಿ ಹೊಲಿಗೆ, ಚೆಕಿಂಗ್, ಪ್ಯಾಕಿಂಗ್ ವಿಭಾಗಗಳನ್ನು ನಡೆಸುತ್ತಿರುವವರು ಹೆಚ್ಚಾಗಿ ಹೆಂಗಸರೇ. ನಿಟ್ಟಿಂಗ್ ಶೆಡ್ಡುಗಳಲ್ಲಿ ಮಾತ್ರ ನಾನು ಅವರನ್ನು ಕಂಡದ್ದು ಅಪರೂಪ. ರಾತ್ರಿ ಶಿಫ್ಟೇ ಅದಕ್ಕೆ ದೊಡ್ಡ ಕಾರಣ. ಒಪ್ಪಿಗೆ ಮತ್ತು ಭದ್ರತೆಯ ಷರತ್ತಿನ ಮೇಲೆ ಹೆಂಗಸರು ರಾತ್ರಿ ದುಡಿಯಬಹುದೆಂದು ಹೊಸ ಸಂಹಿತೆ ಹೇಳುತ್ತದೆಯಾದರೂ, ಶೆಡ್ಡಿನಲ್ಲಿ ಸರಿಯಾದ ಶೌಚಾಲಯ, ಮನೆಗೆ ಬಿಡುವ ವಾಹನ, ಮಾತು ಕೇಳುವ ಮೇಸ್ತ್ರಿ ಇವು ಇಲ್ಲದ ಕಡೆ ನಿನ್ನನ್ನು ನಿಲ್ಲಿಸಲು ನಾನು ಒಪ್ಪುವುದಿಲ್ಲ. ನಿನ್ನ ಬೆರಳುಗಳಿಗೆ ಮತ್ತು ತಾಳ್ಮೆಗೆ ಈ ಕೆಲಸ ಹೇಳಿ ಮಾಡಿಸಿದಂತಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಅಜ್ಜಿಯ ಹರಿದ ಸ್ವೆಟರಿನ ಕುಣಿಕೆಗಳನ್ನು ನೀನು ಬಳೆಯ ತುಂಡಿನಿಂದ ಹಿಡಿದೆತ್ತಿ ಸರಿಮಾಡಿದ್ದನ್ನು ನೋಡಿದಾಗಲೇ ನನಗೆ ಹಾಗನ್ನಿಸಿತ್ತು.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಪಿಯುಸಿ ಮುಗಿಸಿ ನೇರವಾಗಿ ಆಪರೇಟರ್ ಆಗಿ ಬರುವುದು ಬೇಡ. ಏಪ್ರಿಲ್ಲಿನಲ್ಲಿ ಸಿಇಟಿ ಬರೆ. ಬೆಂಗಳೂರಿನ ಕೆ.ಆರ್. ವೃತ್ತದ ಬಳಿ 1938ರಲ್ಲಿ ಶುರುವಾದ ಶ್ರೀ ಕೃಷ್ಣರಾಜೇಂದ್ರ ಸಿಲ್ವರ್ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಟೆಕ್ಸ್‌ಟೈಲ್ ಟೆಕ್ನಾಲಜಿ ಓದಿಸುತ್ತಾರೆ. ಸರ್ಕಾರಿ ಕಾಲೇಜು, ನಮ್ಮ ಕೈಗೆ ಎಟುಕುವಂಥದ್ದು. ಕಂಪ್ಯೂಟರ್ ವಿಭಾಗ ಸಿಗದವರು ಮಾತ್ರ ಹೋಗುವ ಓದು ಇದೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡ. ಸೀಟು ಸಿಗದಿದ್ದರೆ ಬೇರೆ ದಾರಿಯನ್ನು ಕೂತು ಯೋಚಿಸೋಣ. ಸಾಲದ ಯೋಚನೆ ನನಗೆ ಬಿಡು, ಪಿ.ಎಫ್. ಹಣದಲ್ಲಿ ಓದಿಗೆಂದು ಒಂದು ಭಾಗ ತೆಗೆಯಲು ಬರುತ್ತದೆ.

ಆದರೆ ಪರೀಕ್ಷೆ ಮುಗಿದ ಮೇಲೆ ಮೇ ತಿಂಗಳಿಡೀ ನೀನು ಇಲ್ಲಿಗೆ ಬರಬೇಕೆಂದು ನನಗೆ ಆಸೆ. ಹಗಲು ಶಿಫ್ಟಿನಲ್ಲಿ ನನ್ನ ಜೊತೆ ನಿಲ್ಲಲು ಮಾಲೀಕರು ಒಪ್ಪಿದ್ದಾರೆ. ಕೋನು ಏರಿಸುವುದು, ಗಂಟು ಹಾಕುವುದು, ಮುರಿದ ಸೂಜಿ ತೆಗೆದು ಹೊಸದನ್ನು ಕೂರಿಸುವುದು ಇಷ್ಟನ್ನು ಕಲಿಸುತ್ತೇನೆ. ಕ್ಲಾಸಿನಲ್ಲಿ ಮೇಷ್ಟ್ರು ಮುಂದೊಂದು ದಿನ ಸೂಜಿಯ ಚಿತ್ರ ಬರೆದಾಗ ಅದರ ತೂಕ ನಿನ್ನ ಬೆರಳಿಗೆ ಗೊತ್ತಿರುತ್ತದೆ. ಬರುವಾಗ ಕೂದಲನ್ನು ಪೂರ್ತಿ ಕಟ್ಟಿಕೊಳ್ಳಲು ಎರಡು ಹತ್ತಿಯ ಸ್ಕಾರ್ಫು ತಾ, ಬಳೆ ಮತ್ತು ದುಪಟ್ಟಾ ಯಂತ್ರದ ಹತ್ತಿರ ಬೇಡ. ಕಿವಿಗೆ ಹಾಕಿಕೊಳ್ಳುವ ಬಿರಡೆಗಳನ್ನು ನಾನು ಈಗಲೇ ಕೊಂಡು ಇಟ್ಟಿದ್ದೇನೆ. ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಬೆಳಗಿನ ಬಸ್ಸಿಗೇ ಹೊರಡು. ಸತ್ಯಮಂಗಲದ ನಿಲ್ದಾಣಕ್ಕೆ ನಾನೇ ಬಂದು ಕಾಯುತ್ತೇನೆ. ಅಜ್ಜಿಯ ಹತ್ತಿರ ಹುರುಳಿಕಾಳು ಒಂದು ಸೇರು ಕೇಳಿ ತಾ, ಇಲ್ಲಿಯದು ನಮ್ಮದರ ಹಾಗೆ ಬೇಯುವುದಿಲ್ಲ.

ನಿನ್ನ ಪ್ರೀತಿಯ
ಅಪ್ಪ