ಕಪ್ಪಗಿರೋದೆಲ್ಲ ನೀರಲ್ಲ

ಮಾನ್ಯ ಸಂಪಾದಕರೇ,

ನೆರೆ ಬಂದಾಗೆಲ್ಲ ಪೇಪರ್‌ನಲ್ಲಿ ಸ್ಯಾಟಲೈಟ್‌ನ ಕಪ್ಪು-ಬಿಳುಪು ಚಿತ್ರ ಹಾಕಿ ಕೆಳಗೆ 'ಕಪ್ಪು ಭಾಗ ನೀರು' ಅಂತ ಒಂದು ಸಾಲು ಬರೀತಾರೆ. ಚಿತ್ರ ಹಾಕೋದು ಒಳ್ಳೇದೇ, ಆದ್ರೆ ಆ ಸಾಲು ಅರ್ಧ ನಿಜ, ಜೌಗು ಪ್ರದೇಶಕ್ಕೆ ಬಂದ್ರೆ ಪೂರ್ತಿ ಉಲ್ಟಾನೇ ಆಗ್ಬಿಡಬಹುದು, ಅದಕ್ಕೇ ಈ ಪತ್ರ.

ಅದು ಕ್ಯಾಮೆರಾ ಫೋಟೋ ಅಲ್ಲ, ರೇಡಾರ್ ಚಿತ್ರ. ಸ್ಯಾಟಲೈಟ್ ತಾನೇ ಓರೆಯಾಗಿ ಮೈಕ್ರೋವೇವ್ ಅಲೆ ಕಳಿಸಿ, ವಾಪಸ್ ಎಷ್ಟು ಬಂತು ಅಂತ ಅಳೆಯುತ್ತೆ, ಹಾಗಾಗಿ ಮೋಡ ಕವಿದ್ರೂ ರಾತ್ರಿ ಆದ್ರೂ ಕೆಲಸ ನಿಲ್ಲಲ್ಲ. ಅಲುಗಾಡದ ನೀರಿನ ಮೇಲೆ ಬಿದ್ದ ಅಲೆ ಕನ್ನಡಿಗೆ ಬಿಟ್ಟ ಟಾರ್ಚ್ ಬೆಳಕಿನ ಥರ ಆಚೆ ಕಡೆಗೆ ಜಾರಿ ಹೋಗುತ್ತೆ, ವಾಪಸ್ ಬರಲ್ಲ, ಅದಕ್ಕೆ ಕಪ್ಪು. ಇಲ್ಲಿವರೆಗೂ ಆ ಸಾಲು ಸರಿ.

ಈಗ ಅದೇ ನೀರು ಕಾಡಿನೊಳಗೆ ನಿಂತಿದೆ ಅಂದ್ಕೊಳ್ಳಿ. ಎಲೆಗಳ ಮಧ್ಯೆ ತೂರಿ ಇಳಿದ ಅಲೆ ನೀರಿಗೆ ಬಡಿದು, ಅಲ್ಲಿಂದ ಮರದ ಕಾಂಡಕ್ಕೆ ಬಡಿದು, ಬಂದ ದಾರೀಲೇ ಸ್ಯಾಟಲೈಟ್ ಕಡೆ ತಿರುಗುತ್ತೆ, ಕೇರಂನಲ್ಲಿ ಸ್ಟ್ರೈಕರ್ ಎರಡು ಪಟ್ಟಿಗೆ ಬಡಿದು ನಮ್ಮ ಕಡೆಗೇ ಬರುತ್ತಲ್ಲ ಹಾಗೆ. ಅದಕ್ಕೇ ನೀರು ನಿಂತ ಕಾಡು ನೀರಿಲ್ಲದ ಕಾಡಿಗಿಂತ ಬೆಳ್ಳಗೆ ಹೊಳೆಯುತ್ತೆ! ಪೊದೆಗಳದ್ದು ಇನ್ನೂ ಮಜಾ, ಬುಡಕ್ಕೆ ನೀರು ಬಂದಾಗ ಹೊಳೀತವೆ, ನೀರು ಏರಿ ಪೂರ್ತಿ ಮುಳುಗಿದ್ರೆ ಕಪ್ಪಾಗ್ತವೆ. ಆ ಸಾಲು ನಂಬಿದ ಓದುಗ ಮುಳುಗಿದ ಕಾಡನ್ನೇ ಒಣನೆಲ ಅಂದ್ಕೋತಾನೆ, ನಾಳೆ ಯಾರೋ ಅದೇ ಚಿತ್ರ ಹಿಡ್ಕೊಂಡು ಬಂದು 'ಇಲ್ಲಿ ನೀರೇ ಇಲ್ವಲ್ಲ, ಇದೆಂಥಾ ಜೌಗು' ಅಂತಾನೆ.

ಎಲ್ಲ ರೇಡಾರ್‌ಗೂ ಎಲೆ ದಾಟಿ ನೋಡೋಕೆ ಆಗಲ್ಲ ಅನ್ನೋದು ಬೇರೆ ಮಾತು. ಯುರೋಪಿನ ರೇಡಾರ್ ಸ್ಯಾಟಲೈಟ್ ಸೆಂಟಿನೆಲ್-1ರದ್ದು ಸುಮಾರು 5.6 ಸೆಂ.ಮೀ. ಉದ್ದದ ಅಲೆ, ದಟ್ಟ ಕಾಡಾದ್ರೆ ಮೇಲಿನ ಎಲೆಯಲ್ಲೇ ಚೆದುರಿ ಹೋಗುತ್ತೆ, ಹುಲ್ಲು ಜೊಂಡು ಇರೋ ಕಡೆ ಪರವಾಗಿಲ್ಲ. ಕಾಡಿಗೆ 24 ಸೆಂ.ಮೀ. ಆಸುಪಾಸಿನ ಉದ್ದದ ಅಲೆ, ಅಂದ್ರೆ ಎಲ್-ಬ್ಯಾಂಡ್ ಬೇಕು. 1992ರಲ್ಲಿ ಹಾರಿದ ಜಪಾನಿನ ಜೆಇಆರ್‌ಎಸ್-1 ಅಂಥದ್ದು, ಅದು 1995ರಲ್ಲಿ ನದಿ ಇಳಿದಾಗ ಮತ್ತೆ 1996ರಲ್ಲಿ ತುಂಬಿದಾಗ ತೆಗೆದ ಚಿತ್ರಗಳನ್ನ ಪಕ್ಕಪಕ್ಕ ಇಟ್ಟೇ ಮಧ್ಯ ಅಮೆಜಾನಿನಲ್ಲಿ ಎಲ್ಲಿ ಬರೀ ನೀರು, ಎಲ್ಲಿ ಮುಳುಗಿದ ಕಾಡು, ಎಲ್ಲಿ ಹುಲ್ಲು ಅಂತ ಮ್ಯಾಪ್ ಮಾಡಿದ್ದು. ಎರಡು ಕಾಲದ ಚಿತ್ರ ಯಾಕೆ ಅಂದ್ರೆ, ಕಟ್ಟಡಗಳೂ ಬೆಳ್ಳಗೇ ಕಾಣ್ತವೆ, ಒಂದೇ ಚಿತ್ರ ನೋಡಿ ಯಾವುದು ನೆರೆಯಿಂದ ಬೆಳ್ಳಗಾಯ್ತು ಅಂತ ಹೇಳೋಕಾಗಲ್ಲ. 2025ರ ಜುಲೈ 30ಕ್ಕೆ ಶ್ರೀಹರಿಕೋಟಾದಿಂದ ಹೋದ ನಾಸಾ-ಇಸ್ರೋ ಜಂಟಿ ಸ್ಯಾಟಲೈಟ್ ನಿಸಾರ್‌ನಲ್ಲೂ ಎಲ್-ಬ್ಯಾಂಡ್ ಇದೆ, 12 ದಿನಕ್ಕೊಮ್ಮೆ ಅದೇ ದಾರೀಲಿ ವಾಪಸ್ ಬರುತ್ತೆ, ಸೋ ಇಂಥ ಚಿತ್ರಗಳು ಇನ್ಮೇಲೆ ಜಾಸ್ತಿನೇ ಆಗ್ತವೆ.

ಕಪ್ಪಿನ ಕಡೆಯಿಂದಾನೂ ಮೋಸ ಇದೆ. ನುಣುಪಾದ ಟಾರ್ ರೋಡು, ರನ್‌ವೇ ಎಲ್ಲ ಕಪ್ಪೇ, ನಾನೇ ಒಂದ್ಸಲ ರನ್‌ವೇಗೆ ಕಾಲುವೆ ಅಂತ ಗುರುತು ಹಾಕಿ ನಗೆಪಾಟಲಾಗಿದ್ದೆ. ಜೋರು ಗಾಳಿಗೆ ಕೆರೆ ನೀರು ಅಲೆ ಎದ್ರೆ ಕೆರೆನೇ ಬೆಳ್ಳಗಾಗಿ 'ಮಾಯ' ಆಗುತ್ತೆ. ಇನ್ನು ಸ್ಯಾಟಲೈಟ್ ದಾಟಿದ ಹೊತ್ತಿಗೆ ನೆರೆ ಇಳಿದಿದ್ರೆ ಮ್ಯಾಪ್‌ನಲ್ಲೂ ನೆರೆ ಇರಲ್ಲ.

ನಾನು ಕೇಳೋದು ಇಷ್ಟೇ. ಚಿತ್ರದ ಕೆಳಗೆ ಯಾವ ಸ್ಯಾಟಲೈಟ್, ಯಾವ ಬ್ಯಾಂಡ್, ಯಾವ ದಿನ ಎಷ್ಟು ಗಂಟೆಗೆ ತೆಗೆದದ್ದು ಅಂತ ಹಾಕಿ, ಸಾಧ್ಯ ಆದ್ರೆ ಪಕ್ಕದಲ್ಲಿ ನೆರೆಗಿಂತ ಮುಂಚಿನದ್ದೂ ಒಂದು ಇರಲಿ. ಜಾಗ ಸಾಲಲ್ಲ ಅಂದ್ರೆ 'ಕಪ್ಪು ಭಾಗ ನೀರು' ಅನ್ನೋದನ್ನ ತೆಗೆದು ಅಲ್ಲೇ ಹಾಕಿ.

ಇತಿ,
ನಿಮ್ಮ ಖಾಯಂ ಓದುಗ