ನಿನ್ನ ಸಹಿಯ ವಿಚಾರ

ಮಾಟುಂಗಾ, ಮುಂಬೈ

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದ. ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದಲ್ಲಿ ಊಟ, ಕ್ವಾರ್ಟರ್ಸು, ಬಿಸಿಲು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೀಯ. ನಿಮ್ಮ ಕಲ್ಲಿದ್ದಲು ಗಣಿಯೊಳಗೆ ರೂಫ್, ಅಂದರೆ ತಲೆಯ ಮೇಲಿನ ಬಂಡೆ, ಸರಿಯಿಲ್ಲ ಅಂತ ಅದನ್ನು ಪರೀಕ್ಷಿಸುವ ಮೇಸ್ತ್ರಿ, ನಿಮ್ಮ ಸರ್ದಾರ್, ಹೇಳಿದ, ಇನ್ಸ್‌ಪೆಕ್ಷನ್ ಹತ್ತಿರ ಬಂದಿದೆ, ಸದ್ಯಕ್ಕೆ 'ಎಲ್ಲ ಸರಿ' ಅಂತ ತಪಾಸಣೆಯ ಪುಸ್ತಕದಲ್ಲಿ ಬರೆದು ಸಹಿ ಮಾಡಿ ಅಂತ ಮೇಲಿನವರು ಹೇಳಿದರು ಅಂತ. ಅದರ ಕೆಳಗೆ, 'ನಾಳೆ ಏನಾದರೂ ಆದರೆ ಅಲ್ಲಿ ನನ್ನ ಸಹಿ ಇರುತ್ತೆ ಅತ್ತೆ.' ಸಹಿ ಹಾಕಿದೆಯೋ ಇಲ್ಲವೋ ಬರೆದಿಲ್ಲ. ನಿನ್ನಮ್ಮನಿಗೂ ಹೇಳಿದ ಹಾಗಿಲ್ಲ. ನಾನೂ ಹೇಳಿಲ್ಲ.

ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ನಿನ್ನ ಹೆದರಿಕೆ ಸುಳ್ಳಲ್ಲ ಪುಟ್ಟಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಫೋರ್ಟಿನಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದದ್ದು ನಿಮಗೆಲ್ಲ ಗೊತ್ತು. ಏನು ಟೈಪ್ ಮಾಡುತ್ತಿದ್ದೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಚ್ಚಿನವು 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅರ್ಜಿಗಳು. ಸತ್ತವನ ತಿಂಗಳ ಸಂಬಳದ ಒಂದು ಪಾಲು ತೆಗೆದುಕೊಂಡು, ಅವನ ವಯಸ್ಸಿಗೆ ಕಾಯ್ದೆ ಕೊಟ್ಟಿರುವ ಅಂಕಿಯಿಂದ ಗುಣಿಸಬೇಕು. ವಯಸ್ಸು ಕಡಿಮೆ ಇದ್ದಷ್ಟೂ ಅಂಕಿ ಜಾಸ್ತಿ. ಹೆಂಡತಿ ಎದುರಿಗೇ ಕೂತಿರುತ್ತಿದ್ದಳು. ನಾನು ತಲೆ ಎತ್ತದೆ ಗುಣಾಕಾರ ಮಾಡುತ್ತಿದ್ದೆ.

ಒಂದು ಕೇಸು ಮಾತ್ರ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಠಾಣೆ ಕಡೆಯ ಒಂದು ಕಾರ್ಖಾನೆ. ಯಂತ್ರಕ್ಕೆ ಗಾರ್ಡ್, ಅಂದರೆ ಕೈ ಸಿಕ್ಕದ ಹಾಗೆ ತಡೆಯುವ ಮುಚ್ಚಳ, ಇರಲಿಲ್ಲ, ಕೆಲಸಗಾರನ ಬಲಗೈ ಹೋಯಿತು. ಗಾರ್ಡನ್ನು ಕೆಲಸಗಾರನೇ ಬೇಕಂತಲೇ ತೆಗೆದಿದ್ದರೆ, ಜೀವ ಹೋಗಿಲ್ಲದಿದ್ದರೆ, ಮಾಲೀಕ ಪರಿಹಾರ ಕೊಡಬೇಕಾಗಿಲ್ಲ ಅಂತ ಆಗ ಕಾಯ್ದೆಯಲ್ಲಿ ಒಂದು ಮಾತಿತ್ತು. ಮಾಲೀಕನ ಕಡೆಯವರು ರಿಜಿಸ್ಟರ್ ತಂದರು. ದಿನ ದಿನವೂ 'ಗಾರ್ಡ್ ಸರಿ ಇದೆ' ಅಂತ ಬರೆದು ಸೂಪರ್‌ವೈಸರ್ ಸಹಿ ಹಾಕಿದ್ದ. ಸಣ್ಣ ಹುಡುಗ, ಕೆಲಸಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಕಟಕಟೆಯಲ್ಲಿ ನಿಂತು, ಇದು ನನ್ನದೇ ಸಹಿ ಅಂದ. ಮಾಲೀಕ ಒಂದು ದಿನವೂ ಅಲ್ಲಿಗೆ ಬರಲಿಲ್ಲ. ಮ್ಯಾನೇಜರ್ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಮಧ್ಯಾಹ್ನ ಹೊರಗಿನ ಬೆಂಚಿನಲ್ಲಿ ಕೈ ಹೋದವನೂ ಈ ಹುಡುಗನೂ ಪಕ್ಕಪಕ್ಕ ಕೂತಿದ್ದರು, ಒಂದೂ ಮಾತಿಲ್ಲ. ಗಾರ್ಡ್ ಇತ್ತು, ಇವನೇ ತೆಗೆದ ಅಂತಾಯಿತು, ಪರಿಹಾರ ಸಿಗಲಿಲ್ಲ.

ಆ ಹುಡುಗ ಆಮೇಲೆ ಏನಾದ ಅಂತ ನನಗೆ ಗೊತ್ತಾಗಲೇ ಇಲ್ಲ. ಕೇಳಬೇಕಿತ್ತು ಅಂತ ಈಗಲೂ ಅನಿಸುತ್ತೆ. ಸಂಜೆ ಕಾಲೇಜಿಗೆ ಹೋಗಿ ಲಾ ಓದಬೇಕು ಅನ್ನುವ ಆಸೆಯೂ ಆಗಲೇ ಹುಟ್ಟಿದ್ದು. ಅದು ಯಾಕೆ ಆಗಲಿಲ್ಲ ಅನ್ನುವುದು ನಿನಗೆ ಗೊತ್ತು, ಬಿಡು.

ನಿನ್ನ ಪತ್ರ ಓದಿದಾಗ ಆ ಹುಡುಗನ ಮುಖವೇ ಕಣ್ಣ ಮುಂದೆ ಬಂತು.

ನೀನು ನೆಲದಡಿಗೆ ಇಳಿಯುತ್ತೀಯ ಅಂತ ಗೊತ್ತಾದಾಗ ಕಟ್ಟಡದವರಿಗೆಲ್ಲ ಪೇಡಾ ಹಂಚಿದ್ದೆ. 1952ರ ಗಣಿ ಕಾಯ್ದೆ ಹೆಂಗಸರನ್ನು ಕೆಳಗೆ ಬಿಡುತ್ತಲೇ ಇರಲಿಲ್ಲ. 2019ರಲ್ಲಿ ತಾನೇ ತಾಂತ್ರಿಕ ಕೆಲಸಕ್ಕೆ, ಮೇಲ್ವಿಚಾರಣೆಗೆ ಅಂತ ಬಾಗಿಲು ತೆರೆದದ್ದು. ಆದ್ದರಿಂದ ನಿನ್ನ ಮೇಲೆ ಇನ್ನೊಂದು ಒತ್ತಡವೂ ಇರುತ್ತೆ ಅಂತ ನನಗೆ ಅರ್ಥವಾಗುತ್ತೆ. ಸಹಿ ಹಾಕದಿದ್ದರೆ 'ಹುಡುಗಿ ಹೆದರಿದಳು' ಅಂತಾರೆ. ಅನ್ನಲಿ. ಆ ಸರ್ದಾರ್ ಕೋಲಿನಿಂದ ಬಂಡೆ ತಟ್ಟಿ, ಟೊಳ್ಳು ಸದ್ದು ಕೇಳಿ ನಿನಗೆ ಹೇಳಿದ್ದಾನೆ. ಎಷ್ಟೋ ವರ್ಷದಿಂದ ಅದೇ ಸದ್ದು ಕೇಳಿಕೊಂಡು ಬದುಕಿರುವವನು ಅವನು. ಅವನು ಹೆದರಿದ ಅಂತ ಯಾರಾದರೂ ಅಂದರಾ?

ಪತ್ರ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಚಾಸನಾಲಾ ನನಗೆ ಮೊದಲೇ ನೆನಪಿತ್ತು. ಧನ್‌ಬಾದ್ ಹತ್ತಿರದ ಗಣಿ. 1975ರ ಡಿಸೆಂಬರ್ 27. ಮೇಲಿನ ಹಳೆಯ ಕೆಲಸದ ಜಾಗದಲ್ಲಿ ನಿಂತಿದ್ದ ನೀರು ಒಡೆದು ಕೆಳಗೆ ನುಗ್ಗಿತು. 375 ಜನ. ತುರ್ತು ಪರಿಸ್ಥಿತಿಯ ದಿನಗಳು ಅವು, ಪ್ರಶ್ನೆ ಕೇಳುವವರ ದನಿ ಅಡಗಿದ್ದ ಕಾಲ. ಇಲ್ಲಿ ದಾದರ್ ಸ್ಟೇಷನ್ನಿನಲ್ಲಿ ಜನ ಪೇಪರ್ ಹಿಡಿದು ನಿಂತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಕೋರ್ಟಿನಲ್ಲಿ ಶಿಕ್ಷೆಯ ತೀರ್ಪು ಬಂದದ್ದು ಯಾವಾಗ ಗೊತ್ತಾ? 2012ರಲ್ಲಿ. ಅಷ್ಟು ಹೊತ್ತಿಗೆ ಆರೋಪಿಗಳಲ್ಲೇ ಕೆಲವರು ತೀರಿಕೊಂಡಿದ್ದರು. ಸತ್ತವರ ಮಕ್ಕಳು ಆಗಲೇ ಅಜ್ಜ ಅಜ್ಜಿ ಆಗಿರಬೇಕು.

ಮತ್ತೆ 2001ರಲ್ಲಿ ಬಾಗ್‌ಡಿಗಿ. ಪಕ್ಕದ ಮುಚ್ಚಿದ ಗಣಿಯ ನೀರು ಬಂದು 29 ಜನ ಹೋದರು. ಹಳೆಯ ಕೆಲಸದ ಜಾಗಕ್ಕೆ 60 ಮೀಟರ್ ಒಳಗೆ ಹೋಗಬೇಕಾದರೆ ಅನುಮತಿ ಬೇಕು ಅನ್ನುವ ನಿಯಮ 1957ರಿಂದಲೇ ಇತ್ತು. ನಿಯಮ ಇಲ್ಲದೆ ಯಾರೂ ಸಾಯಲಿಲ್ಲ, ಪುಟ್ಟಿ.

ನನಗೆ ಸಂಕಟವಾಗುವುದು ಇಲ್ಲೇ. ಕಲ್ಲಿದ್ದಲು ತೆಗೆಸುವುದು ಒಂದು ಸಚಿವಾಲಯ. ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ ಇರುವುದು ಇನ್ನೊಂದರ ಕೆಳಗೆ, ಕಾರ್ಮಿಕ ಸಚಿವಾಲಯದ ಕೆಳಗೆ. ಬೇರೆ ಇರುವುದೇ ಸರಿ, ಉತ್ಪಾದಿಸುವವನೇ ತನ್ನನ್ನು ತಾನು ತಪಾಸಣೆ ಮಾಡಿಕೊಳ್ಳಬಾರದು. ಆದರೆ ಇಬ್ಬರ ದನಿ ಒಂದೇ ಎತ್ತರದ್ದಲ್ಲ. 2024-25ರಲ್ಲಿ ದೇಶ 100 ಕೋಟಿ ಟನ್ ಕಲ್ಲಿದ್ದಲು ದಾಟಿತು ಅಂತ ಎಲ್ಲ ಕಡೆ ಸುದ್ದಿ. ನಾನೂ ಸಂತೋಷಪಟ್ಟೆ, ಈ ಮನೆಯ ಫ್ಯಾನೂ ಅದರಿಂದಲೇ ತಿರುಗುವುದು. ರೂಫ್ ಬಿದ್ದು ಒಬ್ಬನೋ ಇಬ್ಬರೋ ಹೋದರೆ ಮಾತ್ರ ಸ್ಥಳೀಯ ಪೇಪರಿನಲ್ಲಿ ಎರಡು ಸಾಲು. ಇಲಾಖೆಯ ಲೆಕ್ಕದಲ್ಲಿ ಹತ್ತು ಜನ ಹೋದರೆ ತಾನೇ ಅದು ದುರಂತ? ನೀನಿರುವಂಥ ಗಣಿಗಳಲ್ಲಿ ಬಹಳ ಜೀವ ತೆಗೆದಿರುವುದು ಹೀಗೆ ಒಬ್ಬೊಬ್ಬರ ಮೇಲೆ ಬೀಳುವ ರೂಫೇ.

2025ರ ನವೆಂಬರ್ 21ರಿಂದ ಕೆಲಸದ ಜಾಗದ ಸುರಕ್ಷತೆಗೆ ಹೊಸ ಕಾನೂನು ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಇನ್ಸ್‌ಪೆಕ್ಟರಿಗೆ ಮಾಲೀಕರಿಗೆ ಸಲಹೆ ಕೊಡುವ ಕೆಲಸವನ್ನೂ ಸೇರಿಸಿದ್ದಾರೆ. ಸಲಹೆ ತಪ್ಪಲ್ಲ. ಆದರೆ ಕೆಲಸ ನಿಲ್ಲಿಸಿ ಅಂತ ಹೇಳುವ ಅಧಿಕಾರ ಬಳಕೆಯಾಗದೆ ಕಡತದಲ್ಲೇ ಉಳಿದರೆ ಭಾರವೆಲ್ಲ ಎಲ್ಲಿಗೆ ಇಳಿಯುತ್ತೆ ಹೇಳು? ನಿನ್ನ ಹತ್ತಿರಕ್ಕೆ. ಮನೆ ತುಂಬ ಜನ ಇದ್ದರೂ ಸೋರುವ ಮಾಡಿನ ಕೆಳಗೆ ಪಾತ್ರೆ ಹಿಡಿದು ನಿಲ್ಲಲು ಚಿಕ್ಕ ಸೊಸೆಯನ್ನೇ ಕರೆದ ಹಾಗೆ. ದೆಹಲಿಯಲ್ಲಿ ಟಾರ್ಗೆಟ್ ಕೊಟ್ಟವನ ಸಹಿ ಆ ಪುಸ್ತಕದಲ್ಲಿ ಇರಲ್ಲ, ಅಲ್ವಾ?

ಅಮೆರಿಕದಲ್ಲೂ ಇದೇ ಕಥೆ. ಪಶ್ಚಿಮ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 2010ರ ಏಪ್ರಿಲ್ 5ರಂದು ಸ್ಫೋಟವಾಗಿ 29 ಜನ ಸತ್ತರು. ತನಿಖೆ ಮಾಡಿದವರಿಗೆ ಎರಡು ಥರದ ಪುಸ್ತಕ ಸಿಕ್ಕಿತು. ಅಪಾಯಗಳನ್ನು ಒಳಗಿನವರ ಪುಸ್ತಕದಲ್ಲಿ ಬರೆದಿದ್ದರು, ಸರ್ಕಾರ ನೋಡುವ ಪುಸ್ತಕದಲ್ಲಿ ಬರೆದಿರಲಿಲ್ಲ. ಇನ್ಸ್‌ಪೆಕ್ಟರ್ ಬಂದರೆ ಗೇಟಿನಿಂದಲೇ ಒಳಗೆ ಸುದ್ದಿ ಹೋಗುತ್ತಿತ್ತು. ಆ ಕಂಪನಿಯ ಮುಖ್ಯಸ್ಥನಿಗೇ ಒಂದು ವರ್ಷ ಜೈಲಾಯಿತು. ಅದು ಅಪರೂಪ, ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಪುಸ್ತಕ ಬರೆದವನು.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀಯ. ನಾನು ಗಣಿ ನೋಡಿದವಳಲ್ಲ. ನಿನ್ನ ಓದಿನ ಮುಂದೆ ನನ್ನ ಮಾತು ಎಷ್ಟರದ್ದು. ಆದರೂ ಕೋರ್ಟಿನ ಕಾಗದ ನೋಡಿದವಳಾಗಿ ಒಂದೆರಡು ಹೇಳುತ್ತೇನೆ, ಬೇಡವೆನಿಸಿದರೆ ಬಿಡು.

ಪುಸ್ತಕದಲ್ಲಿ 'ಸರಿ' 'ಸರಿಯಿಲ್ಲ' ಅಂತ ಬರೆಯಬೇಡ. ಯಾವ ಗ್ಯಾಲರಿ, ಅಂದರೆ ಯಾವ ಸುರಂಗ, ಎಷ್ಟು ಗಂಟೆ, ಸರ್ದಾರ್ ಏನು ಹೇಳಿದ, ನೀನು ಏನು ನೋಡಿದೆ, ಅಷ್ಟನ್ನೇ ಬರೆ. ಕಂಡದ್ದನ್ನು ಬರೆದವರ ಮೇಲೆ ಆರೋಪ ಹೊರಿಸುವುದು ಕಷ್ಟ, ಅದನ್ನು ನಾನು ನೋಡಿದ್ದೇನೆ. ನಿನ್ನದೇ ಒಂದು ಡೈರಿ ಇಟ್ಟುಕೋ, ದಿನಾಂಕ ಹಾಕಿ. ಫೋನಿನಲ್ಲಿ ಆದೇಶ ಕೊಟ್ಟರೆ, ಸರ್, ಇದನ್ನು ಬರೆದು ಕೊಡಿ ಅಂತ ವಿನಯದಿಂದ ಕೇಳು. ಬರೆದು ಕೊಡಲು ಹಿಂಜರಿಯುತ್ತಾರೆ, ಎಷ್ಟೋ ಸಲ ವಿಷಯ ಅಲ್ಲಿಗೇ ನಿಲ್ಲುತ್ತೆ. ನಿಲ್ಲದೆಯೂ ಇರಬಹುದು, ಅದನ್ನು ನಾನು ಮುಚ್ಚಿಡುವುದಿಲ್ಲ.

ಕಾರ್ಮಿಕರ ಕಡೆಯಿಂದಲೇ ಒಬ್ಬ ವರ್ಕ್‌ಮೆನ್ಸ್ ಇನ್ಸ್‌ಪೆಕ್ಟರ್ ಇರುತ್ತಾನೆ, ಸುರಕ್ಷತಾ ಸಮಿತಿ ಇರುತ್ತೆ ಅಂತ ಓದಿದೆ. ಅವರ ಜೊತೆ ಮಾತಾಡು. ಆಫೀಸರ್ ಆದವಳು ಅವರ ಜೊತೆ ಕೂರಬಾರದು ಅಂತ ಯಾರಾದರೂ ಹೇಳಿದರೆ ಕೇಳಬೇಡ. ಈ ವಿಷಯದಲ್ಲಿ ನಿನ್ನ ಪಕ್ಷದವರು ಅವರೇ. ಬಂಡೆ ಬಿದ್ದರೆ ಕೆಳಗಿರುವುದು ಅವರು, ನೀನು.

ಮತ್ತೆ ಸ್ವಲ್ಪ ದುಡ್ಡು ಬೇರೆ ಇಡು. ಇದನ್ನು ಹೇಳಲು ನನಗೇ ಮುಜುಗರ, ಕೆಲಸ ಬಿಡು ಅಂತ ಹೇಳಿದ ಹಾಗಾಗುತ್ತೆ. ಹಾಗಲ್ಲ. ಟ್ರಾನ್ಸ್‌ಫರ್ ಮಾಡುತ್ತೇವೆ ಅಂತ ಹೆದರಿಸಿದಾಗ ಕೈಯಲ್ಲಿ ಕಾಸಿದ್ದವರಿಗೆ ಸ್ವಲ್ಪ ಧೈರ್ಯ ಇರುತ್ತೆ. ಆ ಠಾಣೆಯ ಹುಡುಗನಿಗೆ ತಂಗಿಯ ಮದುವೆ ಇತ್ತಂತೆ, ಯಾರೋ ಹೇಳಿದರು. ಅವನನ್ನು ಬೈಯಲು ನನಗೆ ಇವತ್ತಿಗೂ ಬಾಯಿ ಬರಲ್ಲ.

ಅದಕ್ಕೇ, ಈಗಾಗಲೇ ಸಹಿ ಹಾಕಿದ್ದರೆ ಅದನ್ನೇ ಹಚ್ಚಿಕೊಂಡು ಒಬ್ಬಳೇ ಕೊರಗಬೇಡ. ನಿನ್ನ ಮೇಲೆ ನನಗೆ ಒಂದು ಚೂರೂ ಬೇಸರವಿಲ್ಲ. ನಾಳೆಯ ಶಿಫ್ಟಿನಲ್ಲಿ ಅದೇ ಜಾಗವನ್ನು ಮತ್ತೆ ನೋಡಿ, ಕಂಡದ್ದನ್ನು ಹೊಸದಾಗಿ ಬರೆ. ಅಲ್ಲಿಯವರೆಗೆ ಅಲ್ಲಿ ಕೆಲಸಕ್ಕೆ ಜನರನ್ನು ಬಿಡಬೇಡ ಅಂತ ಸರ್ದಾರ್‌ಗೆ ಹೇಳು.

ನಮ್ಮ ಹಳೆಯ ಆಫೀಸಿನಲ್ಲಿ ಜೂನಿಯರ್ ಆಗಿದ್ದ ಒಬ್ಬರು ಈಗಲೂ ಕಾರ್ಮಿಕರ ಕೇಸು ನಡೆಸುತ್ತಾರೆ. ನಿನ್ನ ಹೆಸರು, ಗಣಿಯ ಹೆಸರು ಹೇಳದೆ ಅವರನ್ನು ವಿಚಾರಿಸಿದೆ. ಭಾನುವಾರ ನಾಲ್ಕು ಗಂಟೆಯ ಮೇಲೆ ಫೋನ್ ಮಾಡಲಿ, ಫೀಸಿನ ಮಾತು ಬೇಡ ಅಂದರು. ನಂಬರ್ ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ಸಂಕೋಚ ಮಾಡಿಕೊಳ್ಳದೆ ಎಲ್ಲವನ್ನೂ ಕೇಳು.

ಇತಿ,
ನಿನ್ನ ಅತ್ತೆ