ಆ ಗಾಜು ಮಾತ್ರ ಒರೆಸೋಕೆ ಹೇಳ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಹಳೇ ರೇಂಜ್‌ಫೈಂಡರ್ (ಎರಡು ಬಿಂಬ ಕೂಡಿಸಿ ಫೋಕಸ್ ಮಾಡೋ) ಕ್ಯಾಮೆರಾ ಬಗ್ಗೆ ಬಂದಿದ್ದ ಲೇಖನ ಓದ್ದೆ. ಇನ್ನೂ ರೋಲ್ ಹಾಕಿ ಫೋಟೋ ತೆಗೆಯೋರು ಇದಾರಲ್ಲ ಅಂತ ಖುಷಿ ಆಯ್ತು, ಆದ್ರೆ ಮಧ್ಯದಲ್ಲಿ ಒಂದು ಸಾಲು ನೋಡಿ ಎದೆ ಧಸಕ್ ಅಂತು. ವ್ಯೂಫೈಂಡರ್, ಅಂದ್ರೆ ಕಣ್ಣಿಟ್ಟು ನೋಡೋ ಕಿಂಡಿ, ಮಸುಕಾಗಿದ್ರೆ ಮೇಲಿನ ಮುಚ್ಚಳ ಬಿಚ್ಚಿ ಒಳಗಿರೋ ಗಾಜನ್ನೆಲ್ಲ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ ಅಂತ ಬರೆದಿದೀರಿ. ದಯವಿಟ್ಟು ಅದಕ್ಕೊಂದು ತಿದ್ದುಪಡಿ ಹಾಕಿ, ಯಾಕಂದ್ರೆ ನಾನು ಅದೇ ಕೆಲಸ ಮಾಡಿ ಕೈ ಸುಟ್ಕೊಂಡಿದೀನಿ.

ನಮ್ಮಪ್ಪನ ಯಾಶಿಕಾ ಎಲೆಕ್ಟ್ರೋ 35 ಅದು. 1966ರಲ್ಲಿ ಶುರುವಾದ ಸರಣಿ, 45 ಎಂಎಂ ಎಫ್ 1.7 ಲೆನ್ಸು, ಕೈಗೆ ಇಟ್ಟಿಗೆ ಥರ ಭಾರ. ಕಿಂಡಿಲಿ ನೋಡಿದ್ರೆ ಎಲ್ಲಾ ಮಂಜು ಮಂಜು. ಮುಚ್ಚಳ ಬಿಚ್ಚಿದೆ, ಒಳಗೆ ಓರೆಯಾಗಿ ನಿಂತಿದ್ದ ಸಣ್ಣ ಗಾಜಿನ ಮೇಲೆ ಧೂಳು ಕೂತಿತ್ತು, ಇಯರ್ ಬಡ್ ತಗೊಂಡು ಒಂದೇ ಒಂದು ಸಲ ಎಳೆದೆ ಅಷ್ಟೆ. ಗಾಜು ಫಳಫಳ ಅಂತು. ಇಯರ್ ಬಡ್ ನೋಡ್ತೀನಿ, ತುದಿಲಿ ಕಂದು ಬಣ್ಣ. ಧೂಳು ಅಂದ್ಕೊಂಡೆ, ಧೂಳಲ್ಲ ಅದು, ಗಾಜಿನ ಲೇಪವೇ ಕಿತ್ಕೊಂಡು ಬಂದಿತ್ತು. ಮುಚ್ಚಳ ಹಾಕಿ ನೋಡಿದ್ರೆ ಕಿಂಡಿ ಸ್ವಚ್ಛವಾಗಿದೆ, ಆದ್ರೆ ಫೋಕಸ್ ಮಾಡೋಕೆ ಬೇಕಾದ ಎರಡನೇ ಬಿಂಬವೇ ಮಾಯ!

ಈ ಕ್ಯಾಮೆರಾ ನಡೆಯೋದೇ ಆ ಎರಡು ಬಿಂಬದ ಮೇಲೆ. ಮುಂದೆ ಎರಡು ಕಿಂಡಿ ಇರ್ತವೆ, ದೊಡ್ಡದ್ರಿಂದ ನಾವು ನೇರ ನೋಡ್ತೀವಿ, ಸಣ್ಣದ್ರಿಂದ ಬಂದ ಬಿಂಬವನ್ನ ಆ ಓರೆ ಗಾಜು ನಮ್ಮ ನೋಟದ ಮಧ್ಯಕ್ಕೆ ತಂದು ಕೂರಿಸುತ್ತೆ. ಫೋಕಸ್ ರಿಂಗ್ ತಿರುಗಿಸ್ತಾ ಹೋದ್ರೆ ಎರಡೂ ಒಂದರ ಮೇಲೊಂದು ಬರುತ್ತೆ, ಮೂಗು ಎರಡಿದ್ದಿದ್ದು ಒಂದಾಯ್ತು ಅಂದ್ರೆ ಫೋಕಸ್ ಆಯ್ತು. ಅದಕ್ಕೇ ಆ ಗಾಜು ಅರ್ಧ ಕನ್ನಡಿ ಅರ್ಧ ಕಿಟಕಿ, ಲೇಪ ಅಷ್ಟು ತೆಳು ಇರೋದು. ವಯಸ್ಸಾದ ಲೇಪಕ್ಕೆ ಹತ್ತಿ ತಾಗಿದ್ರೂ ಸಾಕು, ಉದುರುತ್ತೆ. ಗಾಳಿ ಪಂಪಲ್ಲಿ ಊದಿ, ಅಲ್ಲಿಗೆ ಬಿಟ್ಬಿಡಿ. ಮಿಕ್ಕ ಗಾಜು, ಹೊರಗಿನ ಕಿಂಡಿಗಳು ಒರೆಸಬಹುದು, ಎಷ್ಟೋ ಸಲ ಮಸುಕು ಇರೋದು ಅಲ್ಲೇ.

ಅದಾದ್ಮೇಲೂ ಎರಡನೇ ಬಿಂಬ ತೆಳುವಾಗೇ ಇದ್ರೆ ಬಿಚ್ಚೋ ಬದಲು ಇದು ಮಾಡಿ: ದೊಡ್ಡ ಕಿಂಡಿಯ ಹೊರಗಾಜಿನ ನಡುಮಧ್ಯ ಕಪ್ಪು ಟೇಪಿನ ಪುಟಾಣಿ ಚೂರು ಅಂಟಿಸಿ. ಅಲ್ಲಿ ನೇರ ಬರೋ ಬೆಳಕು ತಡೀತು ಅಂದ್ರೆ ಸಣ್ಣ ಕಿಂಡಿಯ ಬಿಂಬ ಎದ್ದು ಕಾಣುತ್ತೆ. ನೋಡೋಕೆ ಚೆಂದ ಇರಲ್ಲ ನಿಜ, ಕೆಲಸ ಆಗುತ್ತೆ.

ಬಿಂಬ ಚೆನ್ನಾಗಿ ಕಂಡ್ರೂ ಎರಡೂ ಒಂದಕ್ಕೊಂದು ಕೂಡ್ತಾ ಇಲ್ಲ ಅಂದ್ರೆ ಅದು ಬೇರೆ ಸಮಸ್ಯೆ, ಸಾಮಾನ್ಯವಾಗಿ ಬಿದ್ದ ಕ್ಯಾಮೆರಾದ್ದು. ಫೋಕಸ್ಸನ್ನ ಕೊನೆಗೆ, ಅಂದ್ರೆ ಇನ್ಫಿನಿಟಿಗೆ (ತೀರಾ ದೂರಕ್ಕೆ) ತಂದು ರಾತ್ರಿ ಚಂದ್ರನ್ನ ನೋಡಿ. ಒಂದೇ ಚಂದ್ರ ಕಂಡ್ರೆ ಸರಿ ಇದೆ, ಅಕ್ಕಪಕ್ಕ ಎರಡು ಕಂಡ್ರೆ ದೂರದ ಲೆಕ್ಕ ತಪ್ಪಿದೆ, ಮೇಲೆ ಕೆಳಗೆ ಕಂಡ್ರೆ ಗಾಜು ವಾಲಿದೆ. ಎರಡಕ್ಕೂ ಬೇರೆ ಬೇರೆ ಸ್ಕ್ರೂ ಇರುತ್ತೆ, ಯಾವ ಮಾಡೆಲ್‌ಗೆ ಎಲ್ಲಿ ಅಂತ ಗೊತ್ತಿಲ್ಲದೆ ಕೈ ಹಾಕ್ಬೇಡಿ.

ಇನ್ನೊಂದು ವಿಷಯ, ಬ್ಯಾಟರಿ ಸಿಗಲ್ಲ ಹಾಗಾಗಿ ಇವೆಲ್ಲ ಶೋಕೇಸಿಗೇ ಅಂತ ಬರೆದಿದ್ದು ಸರಿ ಇಲ್ಲ. ಇವಕ್ಕೆ ಹಾಕ್ತಿದ್ದ ಪಾದರಸದ ಬ್ಯಾಟರಿ ನಿಂತುಹೋಗಿದ್ದು ನಿಜ. ಎಲೆಕ್ಟ್ರೋಗೆ 5.6 ವೋಲ್ಟ್ ಬೇಕಿತ್ತು, ಈಗಿನ 6 ವೋಲ್ಟಿನ 4ಎಲ್ಆರ್44 ಬ್ಯಾಟರಿ ಅದಕ್ಕಿಂತ ಸಣ್ಣದು, ಸುತ್ತ ಕಾಗದ ಸುತ್ತಿ ಉಳಿದ ಜಾಗಕ್ಕೆ ಒಂದು ಸ್ಪ್ರಿಂಗ್ ಇಟ್ರೆ ಆಯ್ತು, ನಾನು ಹಾಗೇ ಓಡಿಸ್ತಾ ಇರೋದು. ಬ್ಯಾಟರಿ ಇಲ್ದಿದ್ರೂ ಅದು 1/500 ಸೆಕೆಂಡಿಗೆ ಕ್ಲಿಕ್ ಆಗುತ್ತೆ, ಒಳ್ಳೆ ಬಿಸಿಲಲ್ಲಿ ಒಂದು ರೋಲ್ ಮುಗಿಸಬಹುದು. ಕ್ಯಾನನ್ ಕಂಪನಿಯ ಕ್ಯಾನೊನೆಟ್ ಥರದ ಕ್ಯಾಮೆರಾಗೆ ಬೇಕಾಗಿದ್ದು 1.35 ವೋಲ್ಟ್, ಅದಕ್ಕೆ 1.5ರ ಸಾಮಾನ್ಯ ಸೆಲ್ ಹಾಕಿದ್ರೆ ಬೆಳಕು ಅಳೆಯೋ ಮೀಟರು ಇರೋದಕ್ಕಿಂತ ಹೆಚ್ಚು ಬೆಳಕು ಇದೆ ಅಂದ್ಕೊಂಡು ಫೋಟೋ ಕಪ್ಪು ಮಾಡುತ್ತೆ. ಕಿವಿ ಮಷಿನ್ನಿಗೆ ಹಾಕೋ 675 ಸೆಲ್ ಆ ವೋಲ್ಟೇಜಿಗೆ ಹತ್ತಿರ ಇದೆ. ಸೆಲ್ ಮೇಲಿನ ಸ್ಟಿಕರ್ ಕಿತ್ತ ಮೇಲೆ ಬೇಗ ಖಾಲಿ ಆಗುತ್ತೆ ಅನ್ನೋದೊಂದೇ ತಾಪತ್ರಯ.

ಶಟರ್ ವಿಚಾರ ಲೇಖನದಲ್ಲಿ ಬಂದೇ ಇಲ್ಲ, ಅದಕ್ಕೆ ಹೇಳ್ತೀನಿ. ಎಲೆಕ್ಟ್ರೋದಲ್ಲಿ ರೀಲ್ ಸುತ್ತೋ ಲಿವರ್ ಎಳೆದಾಗ ಒಳಗಿಂದ ಟಕ್ ಅಂತ ದಪ್ಪ ಸದ್ದು ಬರ್ಬೇಕು, ಬರ್ಲಿಲ್ಲ ಅಂದ್ರೆ ಒಳಗಿರೋ ಪುಟ್ಟ ರಬ್ಬರ್ ಪ್ಯಾಡ್ ಪುಡಿಯಾಗಿದೆ ಅಂತ, ಆಮೇಲೆ ಎಚ್ಚರಿಕೆ ಲೈಟೂ ಶಟರ್ ಸ್ಪೀಡೂ ಒಂದೂ ನಂಬೋ ಹಾಗಿರಲ್ಲ. ತಗೊಳ್ಳೋ ಮುಂಚೆ ಕಿವಿ ಹತ್ರ ಇಟ್ಕೊಂಡು ಒಂದು ಸಲ ಎಳೆದು ನೋಡಿ. ಜೋರ್ಕಿ 4 ಥರದ ರಷ್ಯನ್ ಕ್ಯಾಮೆರಾ ಆದ್ರೆ ರೀಲ್ ಸುತ್ತಿದ ಮೇಲೇ ಸ್ಪೀಡ್ ಬದಲಾಯಿಸಬೇಕು, ಮುಂಚೆ ತಿರುಗಿಸಿದ್ರೆ ಒಳಗೆ ಮುರಿಯಬಹುದು. ಅದರ ಶಟರ್ ಪರದೆ ಬಟ್ಟೇದು, ಲೆನ್ಸ್ ಸೂರ್ಯನ ಕಡೆ ಮಾಡಿ ಇಟ್ಟು ಮರೆತ್ರೆ ಭೂತಗನ್ನಡಿ ಹಿಡಿದ ಹಾಗೆ ತೂತು ಬೀಳುತ್ತೆ. ಹಿಂದಿನ ಬಾಗಿಲ ಸ್ಪಂಜು ಜಿಗಿಜಿಗಿ ಅಂತಿದ್ರೆ ಕೆರೆದು ತೆಗೆದು ಕಪ್ಪು ಉಲ್ಲನ್ ದಾರ ಇಡಿ, ಇಲ್ದಿದ್ರೆ ಫೋಟೋ ಅಂಚಲ್ಲಿ ಕೆಂಪು ಬೆಂಕಿ ಹತ್ತಿದ ಹಾಗೆ ಬೆಳಕು ನುಗ್ಗಿರುತ್ತೆ.

ಹಾಂ, ಲೆನ್ಸ್ ಕ್ಯಾಪ್. ನೋಡೋದು ಲೆನ್ಸಿಂದ ಅಲ್ವಲ್ಲ, ಹಾಗಾಗಿ ಕ್ಯಾಪ್ ಹಾಕೇ ಇದ್ರೂ ಕಿಂಡಿಲಿ ಎಲ್ಲಾ ಚೆನ್ನಾಗೇ ಕಾಣುತ್ತೆ. ನನ್ನ ಮೊದಲ ರೋಲಲ್ಲಿ 36ಕ್ಕೆ 11 ಪೂರ್ತಿ ಖಾಲಿ. ರೀಲ್ ಸುತ್ತುವಾಗ ಎಡಗಡೆ ರಿವೈಂಡ್ ಗುಂಡಿ ತಿರುಗ್ತಾ ಇದೆಯಾ ಅಂತಾನೂ ನೋಡಿ, ತಿರುಗ್ಲಿಲ್ಲ ಅಂದ್ರೆ ಫಿಲ್ಮ್ ಹಲ್ಲಿಗೆ ಸಿಕ್ಕಿಲ್ಲ, ಸುಮ್ನೆ ಕ್ಲಿಕ್ ಮಾಡ್ತಾ ಇದೀರಿ.

ಅಪ್ಪನ ಕ್ಯಾಮೆರಾ ಈಗಲೂ ಬಿಂಬ ಇಲ್ಲದೇ ನಡೀತಾ ಇದೆ. ಲೆನ್ಸ್ ಮೇಲೆ ದೂರದ ಲೆಕ್ಕ ಮೀಟರಲ್ಲಿ ಬರೆದಿದೆಯಲ್ಲ, ಅದನ್ನ 3ಕ್ಕೆ ಇಟ್ಟು ಬೆಳಕು ಬರೋ ತೂತನ್ನ ಎಫ್ 8ಕ್ಕೆ ಇಟ್ರೆ ಸುಮಾರು ಎರಡೂಕಾಲು ಮೀಟರಿಂದ ನಾಲ್ಕೂವರೆ ತನಕ ಎಲ್ಲಾ ಸ್ಪಷ್ಟ ಬರುತ್ತೆ, ನಾನು ಹೆಜ್ಜೆ ಎಣಿಸ್ಕೊಂಡು ನಿಲ್ತೀನಿ. ಅಪ್ಪ ಪಕ್ಕದಲ್ಲಿದ್ರೆ "ಒರೆಸು, ಇನ್ನೂ ಒರೆಸು" ಅಂತ ಕಿಚಾಯಿಸ್ತಾರೆ. ಆ ತಿದ್ದುಪಡಿ ಮುಂದಿನ ಭಾನುವಾರವೇ ಹಾಕಿದ್ರೆ ಒಳ್ಳೇದು ಸಾರ್, ಲೇಖನ ಓದಿ ಎಷ್ಟು ಜನ ಆಗಲೇ ಸ್ಕ್ರೂಡ್ರೈವರ್ ತಗೊಂಡು ಕೂತಿದಾರೋ.

ಇಂತಿ,
ನಿಮ್ಮ ಭಾನುವಾರದ ಓದುಗ